ಕಂಡದ್ದು ತಿಳಿಯಲು ಹಿಡಿಯುವ ಹೊತ್ತು: ಮನೆಯಲ್ಲೇ ಅಳೆದು ನೋಡುವ ಕ್ರಮ

ಕಳೆದ ದೀಪಾವಳಿ ರಜೆಗೆ ಇಳಕಲ್ಲಿನ ನಮ್ಮ ಮನೆಗೆ ಅಕ್ಕನ ಇಬ್ಬರು ಮಕ್ಕಳು ಬಂದಿದ್ದರು. ದೊಡ್ಡವಳು ಒಂಬತ್ತನೆಯ ತರಗತಿಯವಳು, ಓದಿನಲ್ಲಿ ಮುಂದು. ಚಿಕ್ಕವನು ಆರನೆಯ ತರಗತಿ. ಶಾಲೆಯಲ್ಲಿ ಅವನಿಗೆ ‘ಸಾವಕಾಶದ ಹುಡುಗ’ ಎಂಬ ಹೆಸರು ಬಿದ್ದಿತ್ತು, ಏಕೆಂದರೆ ಹಲಗೆಯ ಮೇಲೆ ಬರೆದದ್ದನ್ನು ಅವನು ಪೂರ್ತಿ ಇಳಿಸಿಕೊಳ್ಳುವ ಮೊದಲೇ ಗುರುಗಳು ಅದನ್ನು ಒರೆಸಿ ಮುಂದಕ್ಕೆ ಹೋಗಿರುತ್ತಿದ್ದರು. ಒಂದು ಮಧ್ಯಾಹ್ನ ಹೊತ್ತು ಕಳೆಯಲೆಂದು 30 ಸೆಂಟಿಮೀಟರಿನ ಸ್ಕೇಲನ್ನು ಮೇಲಿನಿಂದ ಬಿಟ್ಟು ಬೆರಳ ನಡುವೆ ಹಿಡಿಯುವ ಆಟ ಆಡಿಸಿದೆ. ಹುಡುಗ 15 ಸೆಂಟಿಮೀಟರಿನ ಗೆರೆಯ ಆಸುಪಾಸಿನಲ್ಲಿ ಸ್ಕೇಲನ್ನು ಹಿಡಿದ. ಅವನ ಅಕ್ಕನ ಬೆರಳು 23ರ ಮೇಲೆ ಬಿತ್ತು. ಹತ್ತು ಸಲ ಆಡಿದರೂ ಈ ಅಂತರ ಹೆಚ್ಚು ಬದಲಾಗಲಿಲ್ಲ. “ಮಾಮಾ, ಅಕ್ಕನಕಿಂತ ನಾನ ಜೋರ ಅದೀನಿ ನೋಡ್ರಿ” ಎಂದು ಹುಡುಗ ಕುಣಿದಾಡಿದ. ಅಕ್ಕ ಸ್ಕೇಲನ್ನು ಕಿತ್ತುಕೊಂಡು ಒಳಗೆ ಹೋದಳು.

ಮುಂದಿನ ವಾರ ಹುಡುಗನ ಕಣ್ಣಿನ ತಪಾಸಣೆ ಮಾಡಿಸಿದಾಗ ದೂರದ ಅಕ್ಷರಗಳು ಅವನಿಗೆ ಮಸುಕಾಗಿ ಕಾಣುತ್ತಿವೆ ಎಂಬುದು ಗೊತ್ತಾಯಿತು. ಹಲಗೆಯ ಮೇಲಿನ ಒಂದೊಂದು ಪದಕ್ಕೂ ಅವನು ಮೂರು ಮೂರು ಸಲ ಕಣ್ಣು ಕಿರಿದು ಮಾಡಿ ನೋಡುತ್ತಿದ್ದನಂತೆ. ಅಕ್ಕನ ದೃಷ್ಟಿ ಸರಿಯಾಗಿತ್ತು, ಬುದ್ಧಿಯಂತೂ ಚುರುಕೇ. ಕಂಡದ್ದಕ್ಕೆ ಕೈ ಓಡಿಸಲು ಅವಳಿಗೆ ತುಸು ಹೆಚ್ಚು ಹೊತ್ತು ಬೇಕು, ಅಷ್ಟೆ. ಹೀಗೆ, ‘ನಿಧಾನ’ ಎಂಬ ಒಂದೇ ಮಾತಿನ ಕೆಳಗೆ ನಾವು ಹಲವು ಬೇರೆ ಬೇರೆ ಸಂಗತಿಗಳನ್ನು ಸೇರಿಸಿಬಿಟ್ಟಿರುತ್ತೇವೆ. ಅವುಗಳನ್ನು ಬಿಡಿಬಿಡಿಯಾಗಿ ಅಳೆದು, ತಡ ಎಲ್ಲಿ ಆಗುತ್ತಿದೆ ಎಂಬುದನ್ನು ಪತ್ತೆಹಚ್ಚಿ, ಅದಕ್ಕೆ ತಕ್ಕಂತೆ ಓದು, ಕೆಲಸ ಮತ್ತು ವಾಹನ ಚಾಲನೆಯನ್ನು ಹೊಂದಿಸಿಕೊಳ್ಳುವುದು ಹೇಗೆ ಎಂಬುದನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಬೇಕಾಗುವ ಸಾಮಗ್ರಿ ಒಂದು ಸ್ಕೇಲು, ನೋಟುಬುಕ್ಕು, ಮೊಬೈಲಿನ ಗಡಿಯಾರ, ನೂಲಿನ ತುಂಡು ಮತ್ತು ಒಂದು ಕಪ್ಪು ಕನ್ನಡಕ.

ವ್ಯತ್ಯಾಸ ಇರುವುದು ನಿಜವೇ?

ನಿಜ. ಇದು ಮೊದಲು ಬೆಳಕಿಗೆ ಬಂದ ಕಥೆಯಲ್ಲಿ ಒಂದು ಅನ್ಯಾಯವೂ ಇದೆ. 1796ರಲ್ಲಿ ಇಂಗ್ಲೆಂಡಿನ ಗ್ರೀನಿಚ್ ವೀಕ್ಷಣಾಲಯದ ಮುಖ್ಯ ಖಗೋಳಜ್ಞ ನೆವಿಲ್ ಮ್ಯಾಸ್ಕೆಲಿನ್ ತನ್ನ ಸಹಾಯಕ ಡೇವಿಡ್ ಕಿನ್ನೆಬ್ರೂಕ್‌ನನ್ನು ಕೆಲಸದಿಂದ ತೆಗೆದುಹಾಕಿದ. ನಕ್ಷತ್ರವೊಂದು ದೂರದರ್ಶಕದ ತಂತಿಯನ್ನು ದಾಟುವ ಕ್ಷಣವನ್ನು ಗಡಿಯಾರದ ಟಿಕ್ ಸದ್ದು ಕೇಳುತ್ತಾ ಗುರುತಿಸಬೇಕಾಗಿತ್ತು. ಸಹಾಯಕ ಬರೆದ ಹೊತ್ತು ಒಡೆಯನದಕ್ಕಿಂತ 0.8 ಸೆಕೆಂಡು ತಡವಾಗಿರುತ್ತಿತ್ತು. ಅಜಾಗರೂಕತೆ ಎಂದು ಮ್ಯಾಸ್ಕೆಲಿನ್ ತೀರ್ಮಾನಿಸಿದ. ಸುಮಾರು ಕಾಲು ಶತಮಾನದ ನಂತರ ಜರ್ಮನಿಯ ಖಗೋಳಜ್ಞ ಫ್ರೀಡ್ರಿಕ್ ಬೆಸೆಲ್ ಈ ದಾಖಲೆಯನ್ನು ಓದಿ, ನುರಿತ ಖಗೋಳಜ್ಞರನ್ನೇ ಒಬ್ಬರಿಗೊಬ್ಬರು ಹೋಲಿಸಿ ನೋಡಿದಾಗ, ಎಲ್ಲರ ನಡುವೆಯೂ ಇಂಥ ಅಂತರ ಇರುವುದು ಕಂಡುಬಂತು. ಅಂದಿನಿಂದ ಖಗೋಳಜ್ಞರು ಪ್ರತಿಯೊಬ್ಬ ವೀಕ್ಷಕನ ‘ಸ್ವಂತ ತಡ’ವನ್ನು ಲೆಕ್ಕದಲ್ಲಿ ಕಳೆಯುವ ಪದ್ಧತಿಯನ್ನು ರೂಢಿಸಿಕೊಂಡರು. ಕಿನ್ನೆಬ್ರೂಕ್‌ನಿಗೆ ಹೋದ ಕೆಲಸ ಮರಳಿ ಸಿಗಲಿಲ್ಲ.

ಕೈಯನ್ನು ಬದಿಗಿಟ್ಟು ನೋಟವನ್ನಷ್ಟೇ ಅಳೆದರೂ ಅಂತರ ಉಳಿಯುತ್ತದೆ. ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ಸಂಶೋಧಕರು 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸೆಕೆಂಡಿಗೆ ಸುಮಾರು 35 ಸಲ ಮಿಣುಕುವ ದೀಪ ಕೆಲವರಿಗೆ ಒಂದೇ ಸಮನೆ ಉರಿಯುತ್ತಿರುವಂತೆ ಕಂಡರೆ, ಇನ್ನು ಕೆಲವರಿಗೆ 60 ಸಲ ಮಿಣುಕಿದರೂ ಮಿಣುಕು ತಿಳಿಯುತ್ತಿತ್ತು. ಅವರೆಲ್ಲ ಆರೋಗ್ಯವಂತ ತರುಣರೇ. ಈ ಪ್ರಯೋಗವನ್ನು ಮಾತ್ರ ಮೊಬೈಲಿನ ಟಾರ್ಚನ್ನು ಮಿಣುಕಿಸಿ ಮನೆಯಲ್ಲಿ ಮಾಡಬಾರದು. ಮೂರ್ಛೆರೋಗದ ಪ್ರವೃತ್ತಿ ಇರುವವರಿಗೆ ಮಿಣುಕುವ ಬೆಳಕು ಫಿಟ್ಸ್ ಬರಿಸಬಹುದು, ಆ ಪ್ರವೃತ್ತಿ ಇದೆಯೆಂದು ಎಷ್ಟೋ ಜನರಿಗೆ ಮೊದಲೇ ಗೊತ್ತಿರುವುದಿಲ್ಲ.

ಕಣ್ಣಿಗೆ ಬಿದ್ದದ್ದು ಕೈಗೆ ಮುಟ್ಟುವವರೆಗೆ ದಾರಿಯಲ್ಲಿ ನಾಲ್ಕು ಕಡೆ ತಡವಾಗಬಹುದು ಎಂದು ಮನಸ್ಸಿನಲ್ಲಿ ಇಟ್ಟುಕೊಂಡರೆ ಮುಂದಿನ ಹಂತಗಳು ಸುಲಭವಾಗುತ್ತವೆ. ಬಿಂಬ ಅಕ್ಷಿಪಟಲದ ಮೇಲೆ ಸ್ಪಷ್ಟವಾಗಿ ಮೂಡದಿರುವುದು ಒಂದು. ಅಕ್ಷಿಪಟಲದಿಂದ ಹೊರಟ ಸಂದೇಶ ಮಿದುಳಿನ ಹಿಂಭಾಗಕ್ಕೆ ತಡವಾಗಿ ತಲುಪುವುದು ಎರಡು (ಆರೋಗ್ಯವಂತರಲ್ಲಿ ಅಲ್ಲಿ ಎದ್ದು ಕಾಣುವ ವಿದ್ಯುತ್ ಅಲೆ ಸುಮಾರು 100 ಮಿಲಿಸೆಕೆಂಡಿಗೆ ಮೂಡುತ್ತದೆ). ಬಂದ ಸಂದೇಶ ಏನೆಂದು ಗುರುತಿಸಿ ನಿರ್ಧರಿಸುವುದು ಮೂರು. ಕೈಯೋ ಕಾಲೋ ಚಲಿಸುವುದು ನಾಲ್ಕು. ನಮ್ಮ ಊರ ಭಾಷೆಯಲ್ಲಿ ಈ ನಾಲ್ಕಕ್ಕೂ ‘ಮಂದ’ ಎಂಬ ಒಂದೇ ಪದ.

ಮೊದಲ ಹಂತ: ಕಣ್ಣು ಮತ್ತು ಬೆಳಕು

ಅಳತೆಗೆ ತೊಡಗುವ ಮೊದಲು ದೃಷ್ಟಿ ಪರೀಕ್ಷೆ ಮಾಡಿಸಿಕೊಳ್ಳಬೇಕು. ಇದನ್ನು ಬಿಟ್ಟು ಮಾಡಿದ ಯಾವ ಅಳತೆಗೂ ಬೆಲೆಯಿಲ್ಲ ಎಂಬುದಕ್ಕೆ ಮೇಲಿನ ಹುಡುಗನೇ ಸಾಕ್ಷಿ. ಮಕ್ಕಳಾದರೆ ಒಂದೊಂದೇ ಕಣ್ಣನ್ನು ಮುಚ್ಚಿಸಿ ಗೋಡೆಯ ಕ್ಯಾಲೆಂಡರಿನ ತಾರೀಖುಗಳನ್ನು ಓದಿಸಿ ನೋಡಬಹುದು. ಎರಡು ಕಣ್ಣಿಗೂ ವ್ಯತ್ಯಾಸ ಕಂಡರೆ ತಡಮಾಡದೆ ನೇತ್ರತಜ್ಞರಲ್ಲಿಗೆ ಕರೆದೊಯ್ಯಬೇಕು. 40 ದಾಟಿದವರಿಗೆ ಹತ್ತಿರದ ಓದಿನ ಕನ್ನಡಕ ಬೇಕಾಗುವುದು ಸಹಜ. ಸಕ್ಕರೆ ಕಾಯಿಲೆ ಇರುವವರು ಕಣ್ಣು ಚೆನ್ನಾಗಿಯೇ ಕಾಣುತ್ತಿದ್ದರೂ ವರ್ಷಕ್ಕೊಮ್ಮೆ ಅಕ್ಷಿಪಟಲದ ತಪಾಸಣೆ ಮಾಡಿಸಬೇಕು.

ಬೆಳಕಿನ ಮಾತು ಇದಕ್ಕಿಂತ ಸ್ವಾರಸ್ಯದ್ದು. ಮಂದ ಬೆಳಕಿನಲ್ಲಿ ಕಣ್ಣಿಗೆ ಕಡಿಮೆ ಕಾಣುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಮಂದ ಬೆಳಕಿನಲ್ಲಿ ಕಂಡದ್ದು ಮಿದುಳಿಗೆ ತಡವಾಗಿ ತಲುಪುತ್ತದೆ ಎಂಬುದನ್ನು ಮನೆಯಲ್ಲೇ ಕಣ್ಣಾರೆ ನೋಡಬಹುದು. ಸುಮಾರು ಒಂದು ಮೀಟರು ಉದ್ದದ ನೂಲಿನ ತುದಿಗೆ ಒಂದು ನಿಂಬೆಹಣ್ಣನ್ನೋ ಬೀಗವನ್ನೋ ಕಟ್ಟಿ, ತೊಲೆಗೆ ತೂಗುಹಾಕಿ, ನಿಮ್ಮ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ನೇರ ಗೆರೆಯಲ್ಲಿ ತೂಗಾಡುವಂತೆ ಬಿಡಿ. ಎರಡು ಮೀಟರು ದೂರದಲ್ಲಿ ನಿಂತು, ಎರಡೂ ಕಣ್ಣು ತೆರೆದುಕೊಂಡು, ಕಪ್ಪು ಕನ್ನಡಕದ ಒಂದೇ ಗಾಜನ್ನು ಬಲಗಣ್ಣಿನ ಮುಂದೆ ಹಿಡಿದು ನೋಡಿ. ನೇರವಾಗಿ ತೂಗುತ್ತಿದ್ದ ನಿಂಬೆಹಣ್ಣು ಈಗ ಮೊಟ್ಟೆಯಾಕಾರದ ಸುತ್ತು ಹಾಕುತ್ತಿರುವಂತೆ ಕಾಣುತ್ತದೆ: ಬಲಕ್ಕೆ ಹೋಗುವಾಗ ನಿಮ್ಮ ಹತ್ತಿರ ಬಂದಂತೆ, ಎಡಕ್ಕೆ ಮರಳುವಾಗ ದೂರ ಸರಿದಂತೆ. ಗಾಜನ್ನು ಎಡಗಣ್ಣಿಗೆ ಬದಲಿಸಿದರೆ ಸುತ್ತೂ ತಿರುಗುಮುರುಗಾಗುತ್ತದೆ. ಕಪ್ಪು ಗಾಜಿನ ಹಿಂದಿನ ಕಣ್ಣಿನ ಸಂದೇಶ ಕೆಲವು ಮಿಲಿಸೆಕೆಂಡು ತಡವಾಗಿ ಬರುವುದರಿಂದ ಆ ಕಣ್ಣು ನಿಂಬೆಹಣ್ಣು ಸ್ವಲ್ಪ ಹಿಂದೆ ಇದ್ದ ಜಾಗವನ್ನು ತೋರಿಸುತ್ತದೆ. ಎರಡು ಕಣ್ಣಿನ ಬಿಂಬಗಳಿಗೆ ಹೊಂದಿಕೆಯಾಗದೆ ಮಿದುಳು ಅದನ್ನು ಆಳವೆಂದು ಅರ್ಥ ಮಾಡಿಕೊಳ್ಳುತ್ತದೆ. ಇದನ್ನು 1922ರಲ್ಲಿ ವಿವರಿಸಿದ ಜರ್ಮನಿಯ ಕಾರ್ಲ್ ಪುಲ್‌ಫ್ರಿಕ್ ಅವರಿಗೆ ಒಂದು ಕಣ್ಣು ಕಾಣುತ್ತಿರಲಿಲ್ಲ, ಹಾಗಾಗಿ ತಮ್ಮದೇ ಹೆಸರಿನ ಈ ಚಮತ್ಕಾರವನ್ನು ಅವರು ಸ್ವತಃ ನೋಡುವಂತಿರಲಿಲ್ಲ.

ಕಪ್ಪು ಗಾಜು ಇಲ್ಲದೆಯೇ ಯಾರಿಗಾದರೂ ಹೀಗೆ ಸುತ್ತು ಕಂಡರೆ, ಒಂದು ಕಣ್ಣಿನಲ್ಲಿ ಪೊರೆ ಬೆಳೆದಿರಬಹುದು ಅಥವಾ ಆ ಕಣ್ಣಿನ ನರದಲ್ಲಿ ತೊಂದರೆ ಇರಬಹುದು. ವೈದ್ಯರಿಗೆ ತಿಳಿಸಬೇಕಾದ ವಿಷಯವಿದು.

ವಯಸ್ಸಾದವರಿಗೆ ಈ ಕಪ್ಪು ಗಾಜು ಕಣ್ಣಿನ ಒಳಗೇ ಇರುತ್ತದೆ ಎನ್ನಬಹುದು. ಕಣ್ಣಪಾಪೆ ಕಿರಿದಾಗಿ, ಮಸೂರ ಹಳದಿಗಟ್ಟಿ, 60 ವರ್ಷದವರ ಅಕ್ಷಿಪಟಲಕ್ಕೆ 20 ವರ್ಷದವರಿಗೆ ಸಿಗುವ ಬೆಳಕಿನ ಸುಮಾರು ಮೂರನೆಯ ಒಂದು ಭಾಗವಷ್ಟೇ ತಲುಪುತ್ತದೆ. ಆದ್ದರಿಂದ ಅಜ್ಜನಿಗೂ ಮೊಮ್ಮಗನಿಗೂ ಒಂದೇ ಬಲ್ಬಿನ ಕೆಳಗೆ ಪರೀಕ್ಷೆ ಮಾಡಿ ಹೋಲಿಸಿದರೆ ಅದು ಹೋಲಿಕೆಯೇ ಅಲ್ಲ. ಅಳತೆಗಳನ್ನೆಲ್ಲ ಬೆಳಗಿನ 10 ಗಂಟೆಯ ಸುಮಾರಿಗೆ, ಅಂಗಳದ ನೆರಳಿನಲ್ಲಿ, ಹಿಂದಿನ ರಾತ್ರಿ ಸರಿಯಾಗಿ ನಿದ್ದೆಯಾಗಿರುವಾಗ ಮಾಡುವುದು ಒಳ್ಳೆಯದು. ಊಟವಾದ ಮೇಲೆ ಬೇಡ. ರೊಟ್ಟಿ, ಬದನೆಕಾಯಿ ಎಣಗಾಯಿ, ಮೇಲೊಂದು ಲೋಟ ಮಜ್ಜಿಗೆ ಆದ ಮೇಲೆ ಯಾರ ಕಣ್ಣೂ ಚುರುಕಾಗಿರುವುದಿಲ್ಲ.

ಎರಡನೆಯ ಹಂತ: ಸ್ಕೇಲು

ಪರೀಕ್ಷೆ ಕೊಡುವವರು ಮೇಜಿನ ಅಂಚಿನ ಮೇಲೆ ಮೊಣಕೈಯನ್ನು ಊರಿ, ಹೆಬ್ಬೆರಳು ಮತ್ತು ತೋರುಬೆರಳನ್ನು ಎರಡು ಸೆಂಟಿಮೀಟರಿನಷ್ಟು ಅಗಲಿಸಿ ಹಿಡಿಯಬೇಕು. ಇನ್ನೊಬ್ಬರು ಸ್ಕೇಲಿನ ಸೊನ್ನೆಯ ಗೆರೆ ಬೆರಳುಗಳ ನಡುವೆ ಬರುವಂತೆ ಮೇಲಿನ ತುದಿಯನ್ನು ಹಿಡಿದು, ಏನೂ ಹೇಳದೆ, ಎರಡರಿಂದ ಆರು ಸೆಕೆಂಡಿನ ಒಳಗೆ ಯಾವಾಗಲಾದರೂ ಬಿಡಬೇಕು. ಬಿಡುವ ಹೊತ್ತು ಪ್ರತಿ ಸಲವೂ ಬದಲಾಗಬೇಕು, ಇಲ್ಲವಾದರೆ ಪರೀಕ್ಷೆ ಕೊಡುವವರು ಕಾಣದೆಯೇ ಊಹಿಸಿ ಹಿಡಿಯುತ್ತಾರೆ. ಮೊದಲ ಐದು ಸಲ ಅಭ್ಯಾಸಕ್ಕೆ ಬಿಟ್ಟು, ಮುಂದಿನ ಹದಿನೈದು ಸಲದ ಅಳತೆಯನ್ನು ಬರೆದುಕೊಳ್ಳಿ. ಸರಾಸರಿ ತೆಗೆಯುವ ಬದಲು ಅಳತೆಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ ನಡುವಿನ ಎಂಟನೆಯದನ್ನು ತೆಗೆದುಕೊಂಡರೆ, ಒಮ್ಮೆ ಗಮನ ತಪ್ಪಿ ಸ್ಕೇಲು ನೆಲಕ್ಕೆ ಬಿದ್ದದ್ದರಿಂದ ಲೆಕ್ಕ ಕೆಡುವುದಿಲ್ಲ.

ಸೆಂಟಿಮೀಟರನ್ನು ಹೊತ್ತಿಗೆ ಬದಲಿಸುವುದು ಹೀಗೆ: ಬಿದ್ದ ದೂರವನ್ನು ಮೀಟರಿನಲ್ಲಿ ಬರೆದು, ಎರಡರಿಂದ ಗುಣಿಸಿ, 9.8ರಿಂದ ಭಾಗಿಸಿ, ವರ್ಗಮೂಲ ತೆಗೆಯಬೇಕು. ಲೆಕ್ಕ ಬೇಡವೆನ್ನುವವರಿಗೆ, 10 ಸೆಂಟಿಮೀಟರು ಎಂದರೆ 0.14 ಸೆಕೆಂಡು, 15 ಎಂದರೆ 0.175, 20 ಎಂದರೆ 0.20, 25 ಎಂದರೆ 0.226, 30 ಎಂದರೆ ಹೆಚ್ಚುಕಡಿಮೆ 0.25. ಆರೋಗ್ಯವಂತ ವಯಸ್ಕರು ಬೆಳಕಿನ ಸಂಜ್ಞೆ ಕಂಡು ಗುಂಡಿ ಒತ್ತಲು ಸಾಮಾನ್ಯವಾಗಿ 0.20ರಿಂದ 0.25 ಸೆಕೆಂಡು ತೆಗೆದುಕೊಳ್ಳುತ್ತಾರೆ. ನಿಮ್ಮ ಅಳತೆ ಪದೇಪದೇ 8 ಸೆಂಟಿಮೀಟರಿಗಿಂತ ಕೆಳಗೆ ಬರುತ್ತಿದ್ದರೆ ನೀವು ಅಸಾಧಾರಣರು ಎಂದು ಹಿಗ್ಗಬೇಡಿ. ಸ್ಕೇಲು ಬಿಡುವವರ ಬೆರಳಿನ ಸುಳಿವು ನಿಮಗೆ ಸಿಗುತ್ತಿದೆ ಎಂದರ್ಥ.

ಈಗ ಇದೇ ಪರೀಕ್ಷೆಯನ್ನು ಕಣ್ಣು ಮುಚ್ಚಿಸಿ ಮಾಡಬೇಕು. ಬಿಡುವವರು ಬಿಡುವ ಕ್ಷಣದಲ್ಲೇ “ಹಾಂ” ಎಂದು ಗಟ್ಟಿಯಾಗಿ ಹೇಳಬೇಕು. ಸದ್ದಿಗೆ ನಮ್ಮ ಪ್ರತಿಕ್ರಿಯೆ ಬೆಳಕಿಗಿಂತ ಹಲವು ಹತ್ತು ಮಿಲಿಸೆಕೆಂಡು ಬೇಗ ಇರುವುದು ಸಹಜ, ಏಕೆಂದರೆ ಅಕ್ಷಿಪಟಲದಲ್ಲಿ ಬೆಳಕು ನರದ ಸಂದೇಶವಾಗಿ ಬದಲಾಗುವ ರಾಸಾಯನಿಕ ಕ್ರಿಯೆ ಕಿವಿಯ ಯಾಂತ್ರಿಕ ಕ್ರಿಯೆಗಿಂತ ನಿಧಾನ. ಈ ಮನೆಯ ಅಳತೆ ಒರಟಾದದ್ದು, ಆದರೂ ಒಂದು ಉಪಯೋಗವಿದೆ: ಕಣ್ಣಿನಲ್ಲಿಯೂ ಕಿವಿಯಲ್ಲಿಯೂ ಒಂದೇ ಬಗೆಯ ತಡ ಕಂಡರೆ ತಡ ಇರುವುದು ನಿರ್ಧಾರದಲ್ಲಿ ಅಥವಾ ಕೈಯಲ್ಲಿ, ಕಿವಿಗೆ ಚುರುಕಾಗಿದ್ದು ಕಣ್ಣಿಗೆ ಮಾತ್ರ ತಡವಾದರೆ ಮೊದಲ ಹಂತಕ್ಕೆ ಮರಳಬೇಕು.

ಮೂರನೆಯ ಹಂತ: ಗುರುತು ಮತ್ತು ಅಂಕಿ

ಸ್ಕೇಲನ್ನು ಹಿಡಿಯುವುದರಲ್ಲಿ ಯೋಚನೆ ಇಲ್ಲ. ಓದಿಗೂ ಲೆಕ್ಕಕ್ಕೂ ಬೇಕಾದದ್ದು ಕಂಡದ್ದನ್ನು ಗುರುತಿಸಿ ಹೊಂದಿಸುವ ವೇಗ. ಇದಕ್ಕೆ ಮನೋವಿಜ್ಞಾನಿಗಳು ಬಳಸುವ ಪರೀಕ್ಷೆಯ ಮನೆಯ ರೂಪ ಹೀಗಿದೆ. ಹಾಳೆಯ ತಲೆಯಲ್ಲಿ ಒಂಬತ್ತು ಸರಳ ಗುರುತುಗಳನ್ನು ಬರೆದು (ತ್ರಿಕೋನ, ಅಡ್ಡಗೆರೆ, ಸುಳಿ, ಚುಕ್ಕೆಯಿಟ್ಟ ವೃತ್ತ ಹೀಗೆ) ಪ್ರತಿಯೊಂದರ ಕೆಳಗೆ 1ರಿಂದ 9ರವರೆಗಿನ ಅಂಕಿ ಇಡಿ. ಕೆಳಗೆ ಆ ಗುರುತುಗಳನ್ನೇ ಕಲಸುಮೇಲೋಗರವಾಗಿ ನೂರಕ್ಕೂ ಹೆಚ್ಚು ಸಲ ಬರೆದು ಪ್ರತಿಯೊಂದರ ಅಡಿಯಲ್ಲಿ ಖಾಲಿ ಮನೆ ಬಿಡಿ. 90 ಸೆಕೆಂಡಿನಲ್ಲಿ ಎಷ್ಟು ಮನೆಗಳಿಗೆ ಸರಿಯಾದ ಅಂಕಿ ತುಂಬಲಾಯಿತು ಎಂಬುದನ್ನು ಎಣಿಸಿ.

ಇಲ್ಲಿಗೇ ನಿಲ್ಲಿಸುವವರೇ ಹೆಚ್ಚು, ಆದರೆ ನಿಲ್ಲಿಸಬಾರದು. ಕೈಬರಹ ನಿಧಾನ ಇರುವ ಮಗುವಿಗೂ ಇದರಲ್ಲಿ ಕಡಿಮೆ ಅಂಕ ಬರುತ್ತದೆ. ಹಾಲೆಂಡಿನ ಫ್ರಾನ್ಸಿಸ್ಕಸ್ ಡಾಂಡರ್ಸ್ 1868ರಲ್ಲಿಯೇ ಇದಕ್ಕೆ ಸರಳವಾದ ಉಪಾಯ ಸೂಚಿಸಿದ್ದರು: ಒಂದು ಕೆಲಸವನ್ನು ಯೋಚನೆಯಿಲ್ಲದೆ ಮಾಡಿಸಿ, ಅದೇ ಕೆಲಸವನ್ನು ಯೋಚನೆಯೊಂದಿಗೆ ಮಾಡಿಸಿ, ಎರಡರ ಹೊತ್ತಿನ ಅಂತರವನ್ನು ಯೋಚನೆಯ ಹೊತ್ತೆಂದು ಹಿಡಿಯುವುದು. ಅದರಂತೆ ಇನ್ನೊಂದು ಹಾಳೆಯಲ್ಲಿ ಗುರುತುಗಳ ಬದಲು ಅಂಕಿಗಳನ್ನೇ ಬರೆದುಕೊಟ್ಟು, ಅವನ್ನೇ ಕೆಳಗಿನ ಮನೆಗಳಿಗೆ 90 ಸೆಕೆಂಡು ನಕಲು ಮಾಡಿಸಿ. ಉದಾಹರಣೆಗೆ, ನಕಲಿನಲ್ಲಿ 120 ಮನೆ ತುಂಬಿದರೆ ಒಂದಕ್ಕೆ 0.75 ಸೆಕೆಂಡು, ಗುರುತಿನ ಹಾಳೆಯಲ್ಲಿ 45 ತುಂಬಿದರೆ ಒಂದಕ್ಕೆ 2 ಸೆಕೆಂಡು, ನೋಡಿ ಹೊಂದಿಸಲು ಹಿಡಿದದ್ದು 1.25 ಸೆಕೆಂಡು. ಇಬ್ಬರು ಮಕ್ಕಳನ್ನು ಹೋಲಿಸುವುದಾದರೆ ಈ ಕೊನೆಯ ಅಂಕಿಯನ್ನು ಹೋಲಿಸಬೇಕು. ಮತ್ತೊಮ್ಮೆ ಪರೀಕ್ಷಿಸುವಾಗ ಗುರುತು–ಅಂಕಿಗಳ ಜೋಡಿಯನ್ನು ಬದಲಿಸಬೇಕು, ಇಲ್ಲವಾದರೆ ಅಳೆದದ್ದು ನೆನಪನ್ನೇ ಹೊರತು ನೋಟವನ್ನಲ್ಲ.

ಈ ವೇಗ ಬಾಲ್ಯದುದ್ದಕ್ಕೂ ಏರುತ್ತಾ ಹೋಗಿ, ಇಪ್ಪತ್ತರ ಹರೆಯದಲ್ಲಿ ಉತ್ತುಂಗ ಮುಟ್ಟಿ, ಆಮೇಲೆ ಮೆಲ್ಲಗೆ ಇಳಿಯುತ್ತದೆ. ಹತ್ತು ವರ್ಷದ ಮಗುವನ್ನು ಹದಿನಾರರವರೊಂದಿಗೆ ಹೋಲಿಸುವುದರಲ್ಲಿ ಅರ್ಥವಿಲ್ಲ. ಬುದ್ಧಿಮತ್ತೆಯ ಪರೀಕ್ಷೆಗಳೊಂದಿಗೆ ಈ ವೇಗಕ್ಕೆ ನಂಟು ಇದೆ ಎಂಬುದನ್ನು ಮರೆಮಾಚಬೇಕಿಲ್ಲ. ಆದರೆ ಆ ನಂಟು ಮಧ್ಯಮ ಪ್ರಮಾಣದ್ದು, ಒಬ್ಬ ವ್ಯಕ್ತಿಯ ಬುದ್ಧಿಯನ್ನು ಇದರಿಂದ ನಿರ್ಧರಿಸುವಷ್ಟು ಬಿಗಿಯಾದದ್ದಲ್ಲ. ನಮ್ಮ ಮನೆಯ ಒಂಬತ್ತನೆಯ ತರಗತಿಯವಳು ಈ ಹಂತದಲ್ಲಿಯೂ ತಮ್ಮನಿಗಿಂತ ಅಷ್ಟೇನೂ ಮುಂದಿರಲಿಲ್ಲ, ಆದರೆ ಅವಳು ತುಂಬಿದ ಮನೆಗಳಲ್ಲಿ ಒಂದೂ ತಪ್ಪಿರಲಿಲ್ಲ. ಅವನದರಲ್ಲಿ ಆರು ತಪ್ಪಿದ್ದವು. ವೇಗವನ್ನು ಬರೆದುಕೊಳ್ಳುವಾಗ ತಪ್ಪುಗಳ ಸಂಖ್ಯೆಯನ್ನೂ ಪಕ್ಕದಲ್ಲೇ ಬರೆಯಬೇಕು ಎಂದು ನಾನು ಕಲಿತದ್ದು ಅಲ್ಲಿ.

ರೂಢಿಯ ಕಣ್ಣು

ನಮ್ಮ ಅವ್ವನಿಗೆ ಈಗ 68. ನಲವತ್ತು ವರ್ಷ ಕೈಮಗ್ಗದ ಮುಂದೆ ಕುಳಿತವಳು. ಸ್ಕೇಲಿನ ಆಟದಲ್ಲಿ ಅವಳ ಬೆರಳು ಮುಚ್ಚುವ ಮೊದಲೇ ಸ್ಕೇಲು ನೆಲ ಸೇರುತ್ತದೆ. ಎರಡು ಸಲ ಆಡಿ “ಇದೇನ ಹುಡುಗಾಟಾ” ಎಂದು ಎದ್ದುಬಿಟ್ಟಳು. ಅದೇ ದಿನ ಸಂಜೆ ಪಕ್ಕದ ಮನೆಯವರ ಮಗ್ಗದ ಬಳಿ ನಿಂತಾಗ, ಹಾಸಿನ ಸಾವಿರಾರು ಎಳೆಗಳ ನಡುವೆ ಹರಿದ ಒಂದು ಎಳೆಯನ್ನು ಅವಳು ನೋಡಿದ ಕೂಡಲೇ ಬೆರಳಿಟ್ಟು ತೋರಿಸಿದಳು. ಅವಳು ತೋರಿಸಿದ ಮೇಲೂ ಅದನ್ನು ಕಾಣಲು ನನಗೆ ಬಗ್ಗಬೇಕಾಯಿತು. ಎಳೆಯನ್ನು ಹುಡುಕುವಾಗ ಅವಳು ಹಾಸನ್ನು ನೇರವಾಗಿ ನೋಡುವುದಿಲ್ಲ. ಕಿಟಕಿಯ ಬೆಳಕು ಓರೆಯಾಗಿ ಬೀಳುವ ಕಡೆಗೆ ತಲೆ ವಾಲಿಸಿ, ನೂಲಿನ ಹೊಳಪು ಎಲ್ಲಿ ತುಂಡಾಗುತ್ತದೆ ಎಂಬುದನ್ನಷ್ಟೇ ನೋಡುತ್ತಾಳೆ.

ಕಚ್ಚಾ ವೇಗಕ್ಕೂ ಪಳಗಿದ ನೋಟಕ್ಕೂ ಇರುವ ಈ ವ್ಯತ್ಯಾಸ ಆಟದ ಮೈದಾನದಲ್ಲೂ ಕಾಣುತ್ತದೆ. ಗಂಟೆಗೆ 140 ಕಿಲೋಮೀಟರು ವೇಗದ ಕ್ರಿಕೆಟ್ ಚೆಂಡು ಬ್ಯಾಟ್ಸ್‌ಮನ್‌ನನ್ನು ಮುಟ್ಟಲು ಅರ್ಧ ಸೆಕೆಂಡೂ ಹಿಡಿಯುವುದಿಲ್ಲ. ನುರಿತವರು ಚೆಂಡು ಕೈ ಬಿಡುವ ಮೊದಲೇ ಬೌಲರನ ತೋಳು, ಮಣಿಕಟ್ಟುಗಳಿಂದ ಸುಳಿವು ಪಡೆಯುತ್ತಾರೆ. ಹಾಗಾಗಿ ಯಾರಿಗಾದರೂ ನೋಟದ ಕೆಲಸ ಕಲಿಸುವಾಗ “ಲಗೂ ಲಗೂ ನೋಡು” ಎಂದು ಗದರುವುದಕ್ಕಿಂತ ಎಲ್ಲಿ ನೋಡಬೇಕು, ಯಾವ ಕೋನದಿಂದ ನೋಡಬೇಕು ಎಂದು ತೋರಿಸುವುದು ಹೆಚ್ಚು ಫಲ ಕೊಡುತ್ತದೆ. ವಿಜಯಪುರದ ಕಡೆ ಒಣದ್ರಾಕ್ಷಿ ಆರಿಸುವ ಹೆಣ್ಣುಮಕ್ಕಳಿಗೂ ಇದೇ ಮಾತು ಹೊಂದುತ್ತದೆ: ತಿಳಿ ಬಣ್ಣದ ಹಾಸಿನ ಮೇಲೆ ಹರಡಿದರೆ ಕಪ್ಪಾದ ಕಾಳು ತಾನಾಗಿ ಎದ್ದು ಕಾಣುತ್ತದೆ, ಬೆಳಕು ಪಕ್ಕದಿಂದ ಬಂದರೆ ತೊಟ್ಟಿನ ನೆರಳು ಕಾಣುತ್ತದೆ. ಯಂತ್ರದ ಪಟ್ಟಿಯ ಮೇಲೆ ಆರಿಸುವುದಾದರೆ ಪಟ್ಟಿಯ ವೇಗವನ್ನು ಗುಂಪಿನ ಅತಿ ಚುರುಕಿನವರಿಗೆ ತಕ್ಕಂತೆ ಇಡಬಾರದು. ನಿಧಾನದವರನ್ನು ಸಾಲಿನ ಮೊದಲಿಗೆ, ದೊಡ್ಡ ಕಸ ತೆಗೆಯುವ ಜಾಗಕ್ಕೆ ಕೂರಿಸಿದರೆ ಕೆಲಸವೂ ಕೆಡುವುದಿಲ್ಲ, ಮರ್ಯಾದೆಯೂ ಉಳಿಯುತ್ತದೆ.

ಮೊಬೈಲಿನಲ್ಲಿ ‘ಮಿದುಳಿನ ವ್ಯಾಯಾಮ’ದ ಆಟಗಳಿಂದ ನೋಟದ ವೇಗ ಹೆಚ್ಚುತ್ತದೆಯೇ ಎಂದು ಕೇಳುವವರಿದ್ದಾರೆ. ಅಮೆರಿಕದಲ್ಲಿ 65 ದಾಟಿದ 2,802 ಜನರ ಮೇಲೆ ನಡೆದ, 2002ರಲ್ಲಿ ಮೊದಲ ಫಲಿತಾಂಶ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ, ನೋಟದ ವೇಗದ ತರಬೇತಿ ಪಡೆದವರು ಅದೇ ಬಗೆಯ ಪರೀಕ್ಷೆಯಲ್ಲಿ ಚುರುಕಾದರು. ಹತ್ತು ವರ್ಷದ ನಂತರವೂ ಆ ಲಾಭ ಭಾಗಶಃ ಉಳಿದಿತ್ತು. ಅದು ತರಬೇತುದಾರರ ಎದುರಿಗೆ, ಕ್ರಮವಾಗಿ ನಡೆದ ಅಭ್ಯಾಸ. ಅದರ ಆಧಾರದ ಮೇಲೆ ಆರನೆಯ ತರಗತಿಯ ಹುಡುಗನ ಕೈಗೆ ಮೊಬೈಲು ಕೊಡುವುದನ್ನು ನಾನಂತೂ ಒಪ್ಪುವುದಿಲ್ಲ.

ನಾಲ್ಕನೆಯ ಹಂತ: ಓದು ಮತ್ತು ಪರೀಕ್ಷೆಯ ಹೊಂದಾಣಿಕೆ

ಓದುವಾಗ ಕಣ್ಣು ಸಾಲಿನ ಮೇಲೆ ಜಾರುವುದಿಲ್ಲ, ಜಿಗಿಯುತ್ತದೆ. ಪ್ರತಿ ನಿಲುಗಡೆಯಲ್ಲಿ ಸುಮಾರು ಕಾಲು ಸೆಕೆಂಡು ತಂಗಿ, ಸೆಕೆಂಡಿಗೆ ಮೂರು ನಾಲ್ಕು ಸಲ ಮುಂದಕ್ಕೆ ಹಾರುತ್ತದೆ. ಕನ್ನಡದಲ್ಲಿ ದ, ಧ, ಥಗಳನ್ನು ಬೇರ್ಪಡಿಸುವುದು ಒಂದು ಸಣ್ಣ ಸೀಳು ಅಥವಾ ಚುಕ್ಕೆ. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿದು ಮುಂದಿನ ಸಾಲಿನ ತಲೆಕಟ್ಟನ್ನು ಮುಟ್ಟುವಂತಿರುತ್ತವೆ. ‘ರಾಷ್ಟ್ರೀಯ’ ಎಂಬ ಪದವನ್ನು ಸಣ್ಣ ಅಕ್ಷರದ ಝೆರಾಕ್ಸ್ ಪ್ರತಿಯಲ್ಲಿ ಓದಿ ನೋಡಿದರೆ ತೊಂದರೆ ತಿಳಿಯುತ್ತದೆ. ನೋಟ ನಿಧಾನ ಇರುವ ಮಗುವಿಗೆ ಅಕ್ಷರ ದೊಡ್ಡದಿರಬೇಕು, ಅದಕ್ಕಿಂತ ಮುಖ್ಯವಾಗಿ ಸಾಲುಗಳ ನಡುವೆ ಜಾಗ ಹೆಚ್ಚಿರಬೇಕು. ಓದುತ್ತಿರುವ ಸಾಲಿನ ಕೆಳಗೆ ಒಂದು ಗಟ್ಟಿ ಕಾಗದದ ಪಟ್ಟಿ ಇಟ್ಟುಕೊಂಡರೆ ಸಾಲು ತಪ್ಪುವುದಿಲ್ಲ. ಹಲಗೆಯಿಂದ ಇಳಿಸಿಕೊಳ್ಳುವುದು ಎಂದರೆ ತಲೆ ಎತ್ತುವುದು, ಜಾಗ ಹುಡುಕುವುದು, ಓದುವುದು, ನೆನಪಿಡುವುದು, ತಲೆ ತಗ್ಗಿಸಿ ಮತ್ತೆ ಜಾಗ ಹುಡುಕುವುದು. ಪ್ರತಿ ಪದಕ್ಕೂ ಇಷ್ಟು. ಗುರುಗಳು ಸಾಲುಗಳಿಗೆ ಅಂಕಿ ಹಾಕಿದರೆ, ಒರೆಸುವ ಮೊದಲು ಹಲಗೆಯ ಎಡ ಅರ್ಧವನ್ನು ಉಳಿಸಿ ಬಲ ಅರ್ಧದಲ್ಲಿ ಮುಂದುವರಿದರೆ, ಈ ಹೊರೆಯಲ್ಲಿ ಬಹುಪಾಲು ಇಳಿಯುತ್ತದೆ. ಇದಕ್ಕೆ ಖರ್ಚಿಲ್ಲ.

ಮೊದಲ ಮೂರು ಹಂತಗಳ ನಂತರವೂ ಮಗುವಿನ ಓದು ಬರಹ ವಯಸ್ಸಿಗಿಂತ ಬಹಳ ಹಿಂದುಳಿದಿದ್ದರೆ ಮನೆಯ ಅಳತೆಯನ್ನು ಅಲ್ಲಿಗೆ ಬಿಟ್ಟು ಚಿಕಿತ್ಸಾ ಮನೋವಿಜ್ಞಾನಿಯ ಬಳಿ ಹೋಗಬೇಕು. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2016 ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು ತನ್ನ ಪಟ್ಟಿಯಲ್ಲಿ ಸೇರಿಸಿದೆ. ನಿಗದಿತ ಪ್ರಮಾಣಪತ್ರ ಇರುವ ವಿದ್ಯಾರ್ಥಿಗಳಿಗೆ ಲಿಖಿತ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯದ ಅವಕಾಶವಿದೆ. ಪ್ರಮಾಣಪತ್ರಕ್ಕೆ ತಿಂಗಳುಗಳೇ ಹಿಡಿಯಬಹುದಾದ್ದರಿಂದ ಹತ್ತನೆಯ ತರಗತಿಯ ಪರೀಕ್ಷೆ ಬಾಗಿಲಿಗೆ ಬರುವವರೆಗೆ ಕಾಯದೆ ಎಂಟು, ಒಂಬತ್ತನೆಯ ತರಗತಿಯಲ್ಲೇ ಓಡಾಟ ಆರಂಭಿಸಬೇಕು. ಸ್ಕೇಲನ್ನು ತಡವಾಗಿ ಹಿಡಿದ ಮಾತ್ರಕ್ಕೆ ಯಾರೂ ಈ ಸೌಲಭ್ಯಕ್ಕೆ ಅರ್ಹರಾಗುವುದಿಲ್ಲ.

ಐದನೆಯ ಹಂತ: ರಾತ್ರಿಯ ರಸ್ತೆ

ಇದನ್ನು ಕೊನೆಗಿಟ್ಟದ್ದು ಮಹತ್ವ ಕಡಿಮೆಯೆಂದಲ್ಲ. ಕಬ್ಬು ನುರಿಸುವ ಹಂಗಾಮು ಶುರುವಾದರೆ ಮುಧೋಳ, ಜಮಖಂಡಿ, ಅಥಣಿ, ಗೋಕಾಕದ ರಸ್ತೆಗಳಲ್ಲಿ ಎರಡೆರಡು ಟ್ರೇಲರು ಎಳೆಯುವ ಟ್ರ್ಯಾಕ್ಟರುಗಳು ರಾತ್ರಿಯಿಡೀ ಸಾಗುತ್ತಿರುತ್ತವೆ. ಹಿಂದಿನ ಟ್ರೇಲರಿಗೆ ದೀಪವೂ ಇರುವುದಿಲ್ಲ, ಇದ್ದ ರಿಫ್ಲೆಕ್ಟರು ಕಬ್ಬಿನ ಸೋಗೆಯ ಹಿಂದೆ ಮರೆಯಾಗಿರುತ್ತದೆ. ಬೈಕಿನವರಿಗೆ ಅದು ಕಾಣುವುದು ಕತ್ತಲೆಯಲ್ಲಿ ಇನ್ನಷ್ಟು ಕತ್ತಲೆಯ ಗುಡ್ಡೆಯಾಗಿ.

ನಿಮ್ಮ ಬೈಕಿಗೆ, ನಿಮ್ಮ ಕಣ್ಣಿಗೆ ಎಷ್ಟು ವೇಗ ಸುರಕ್ಷಿತ ಎಂಬುದನ್ನು ಹೀಗೆ ಅಳೆಯಬಹುದು. ಕತ್ತಲಾದ ಮೇಲೆ ವಾಹನ ಓಡಾಡದ ಹೊಲದ ದಾರಿಯಲ್ಲಿ ಬೈಕನ್ನು ನಿಲ್ಲಿಸಿ, ಡಿಪ್ ಲೈಟು ಹಚ್ಚಿ, ಅದರ ಮೇಲೆ ಕುಳಿತುಕೊಳ್ಳಿ. ಕಂದು ಅಥವಾ ಕಪ್ಪು ಬಟ್ಟೆ ಹೊದ್ದ ಒಬ್ಬರು ನಿಮ್ಮಿಂದ ದೂರಕ್ಕೆ ನಡೆಯುತ್ತಾ ಹೋಗಲಿ. ಅವರು ಕಾಣದಂತಾದ ಜಾಗದಲ್ಲಿ ಕೂಗಿ ನಿಲ್ಲಿಸಿ, ಅಲ್ಲಿಂದ ಬೈಕಿನವರೆಗೆ ಹೆಜ್ಜೆ ಎಣಿಸಿ. ಒಂದು ಹೆಜ್ಜೆಯನ್ನು ಮುಕ್ಕಾಲು ಮೀಟರು ಎಂದು ಹಿಡಿಯಿರಿ. ಈಗ ಲೆಕ್ಕ: ನಿರೀಕ್ಷಿಸದ ವಸ್ತುವನ್ನು ಕಂಡು, ಗುರುತಿಸಿ, ಬ್ರೇಕು ಒತ್ತುವವರೆಗೆ ಒಂದೂವರೆ ಸೆಕೆಂಡು ಹಿಡಿಯುತ್ತದೆ ಎಂದುಕೊಂಡರೆ, ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಆ ಹೊತ್ತಿಗೇ 25 ಮೀಟರು ಸಾಗಿರುತ್ತೀರಿ, ಒಣ ರಸ್ತೆಯಲ್ಲಿ ಒಳ್ಳೆಯ ಬ್ರೇಕು ಹಿಡಿದು ನಿಲ್ಲಲು ಮತ್ತೆ ಸುಮಾರು 24 ಮೀಟರು, ಒಟ್ಟು 49. ಗಂಟೆಗೆ 40ರ ವೇಗದಲ್ಲಿ ಇದೇ ಲೆಕ್ಕ ಸುಮಾರು 27 ಮೀಟರಿಗೆ ಇಳಿಯುತ್ತದೆ. ಹೆಜ್ಜೆ ಎಣಿಸಿ ಸಿಕ್ಕ ದೂರ 49ಕ್ಕಿಂತ ಕಡಿಮೆ ಇದ್ದರೆ, ರಾತ್ರಿ 60ರಲ್ಲಿ ಓಡಿಸುವುದು ಎಂದರೆ ಕಾಣದ ಜಾಗಕ್ಕೆ ನುಗ್ಗುವುದೇ ಆಗಿದೆ. ನೋಟದ ವೇಗ ನಿಧಾನ ಇರುವವರು ಅರ್ಧ ಸೆಕೆಂಡು ಹೆಚ್ಚಿಗೆ ಸೇರಿಸಿಕೊಳ್ಳಲಿ. 60ರ ವೇಗದಲ್ಲಿ ಅದು ಇನ್ನೂ 8 ಮೀಟರು. ಎದುರಿನ ಲಾರಿಯ ಹೈಬೀಮಿಗೆ ಕಣ್ಣು ಕುಕ್ಕಿದ ಮೇಲೆ ಚೇತರಿಸಿಕೊಳ್ಳಲು ಹಲವು ಸೆಕೆಂಡು ಬೇಕು, ವಯಸ್ಸಾದವರಿಗೆ ಇನ್ನೂ ಹೆಚ್ಚು. ಆಗ ಎಡದಂಚಿನ ಬಿಳಿ ಗೆರೆಯನ್ನು ನೋಡುತ್ತಾ ಎಕ್ಸಲರೇಟರು ಇಳಿಸುವುದೇ ದಾರಿ. ರಾತ್ರಿ ಬಣ್ಣದ ಗಾಜಿನ ಕನ್ನಡಕ, ಕಪ್ಪು ಹೆಲ್ಮೆಟ್ ಗಾಜು ಹಾಕುವವರು ನೂಲು–ನಿಂಬೆಹಣ್ಣಿನ ಪ್ರಯೋಗವನ್ನು ನೆನಪಿಸಿಕೊಳ್ಳಲಿ.

ಟ್ರ್ಯಾಕ್ಟರು ಇರುವವರಿಗೆ ಒಂದು ಮಾತು: ರಿಫ್ಲೆಕ್ಟರ್ ಪಟ್ಟಿಯನ್ನು ಟ್ರೇಲರಿನ ಹಿಂಬದಿಯ ಚೌಕಟ್ಟಿನ ಕೆಳಗಿನ ಎರಡೂ ಮೂಲೆಗಳಿಗೆ ಅಂಟಿಸಿದರೆ ಸೋಗೆ ಅದನ್ನು ಮುಚ್ಚುವುದು ಕಡಿಮೆ, ಟ್ರೇಲರಿನ ಅಗಲವೂ ಹಿಂದಿನವರಿಗೆ ತಿಳಿಯುತ್ತದೆ. ಪ್ರತಿ ಲೋಡಿನ ನಂತರ ಒಮ್ಮೆ ಬಟ್ಟೆಯಿಂದ ಒರೆಸಬೇಕು.

ಅಳತೆಗಳನ್ನೆಲ್ಲ ಒಂದೇ ನೋಟುಬುಕ್ಕಿನಲ್ಲಿ ತಾರೀಖು, ಹೊತ್ತು, ಬೆಳಕು, ಹಿಂದಿನ ರಾತ್ರಿಯ ನಿದ್ದೆ ಇವುಗಳೊಂದಿಗೆ ಬರೆದಿಟ್ಟುಕೊಂಡು ಮೂರು ತಿಂಗಳಿಗೊಮ್ಮೆ ಹೋಲಿಸಿ. ನಿಮ್ಮದೇ ಹಳೆಯ ಅಳತೆಗಿಂತ ಇದ್ದಕ್ಕಿದ್ದಂತೆ ತಡ ಹೆಚ್ಚಿದ್ದರೆ, ಒಂದು ಕಣ್ಣಿಗೆ ಬಣ್ಣಗಳು ಮಾಸಿದಂತೆ ಕಂಡರೆ, ಕಣ್ಣು ಹೊರಳಿಸಿದಾಗ ನೋವಾದರೆ, ಪಕ್ಕದಿಂದ ಬರುವವರು ಕಾಣದೆ ಡಿಕ್ಕಿಯಾಗುತ್ತಿದ್ದರೆ ಅದೇ ವಾರ ವೈದ್ಯರನ್ನು ಕಾಣಬೇಕು. ನಮ್ಮ ನೋಟುಬುಕ್ಕಿನಲ್ಲಿ ಹುಡುಗನ ಸ್ಕೇಲಿನ ಅಳತೆ ಈಗಲೂ 15ರ ಬಳಿಯೇ ಇದೆ, ಅಕ್ಕನದು 22. ಹಲಗೆಯ ಏಳು ಸಾಲು ಇಳಿಸಿಕೊಳ್ಳಲು ಅವನಿಗೆ ಹಿಡಿಯುತ್ತಿದ್ದ ಹನ್ನೊಂದು ನಿಮಿಷ ಕನ್ನಡಕ ಬಂದ ಮೇಲೆ ಆರಕ್ಕೆ ಇಳಿದಿದೆ. ಅವ್ವನ ಹೆಸರಿನ ಮುಂದೆ ಸ್ಕೇಲಿನ ಅಳತೆ ಖಾಲಿ; ಎಡಗಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ಕೊಟ್ಟ ತಾರೀಖನ್ನು ಆ ಜಾಗದಲ್ಲಿ ಬರೆದಿಟ್ಟಿದ್ದೇವೆ.